ಉಸಿರಿನ ಲೆಕ್ಕ ಇರಲಿ, ಊಟದ ಕಾಟ ಬೇಡ

ನಮ್ಮ ವಯಸ್ಸಿನ ಬಹುಪಾಲು ಜನರಿಗೆ ಗೇಮ್ ಎಂದರೆ ಮೊಬೈಲ್‌ನಲ್ಲಿ ಆಡುವ ಬಿಜಿಎಂಐ. ಅದನ್ನು ಆಡಿದವರಿಗೆಲ್ಲ ‘ಜೋನ್’ ಗೊತ್ತು. ಸುತ್ತಲಿನ ವೃತ್ತ ಕುಗ್ಗುತ್ತಾ ಬರುತ್ತದೆ, ಹೊರಗೆ ಉಳಿದರೆ ಜೀವ ಕರಗುತ್ತದೆ. ಹಾಗಾಗಿ ಓಡಬೇಕು. ಯಾವ ಕಡೆಗೆ ಓಡಬೇಕು ಎಂಬುದನ್ನು ಗೇಮ್ ಮೊದಲೇ ತೀರ್ಮಾನಿಸಿರುತ್ತದೆ.

ನಾನು ಬರೆಯಹೊರಟಿರುವುದು ಇದಕ್ಕೆ ತದ್ವಿರುದ್ಧವಾದ ಗೇಮ್‌ಗಳ ಬಗ್ಗೆ. ಅಲ್ಲಿ ‘ಇಲ್ಲಿಗೆ ಹೋಗು’ ಎಂದು ಯಾರೂ ಹೇಳುವುದಿಲ್ಲ. ಹೋಗಿ ನೋಡಿದರಷ್ಟೇ ಏನಿದೆ ಎಂದು ಗೊತ್ತಾಗುತ್ತದೆ. ಇಂಥ ಅನ್ವೇಷಣೆಯ ಗೇಮ್‌ಗಳಲ್ಲಿ ನಮ್ಮನ್ನು ಕಾಡುವುದು ಎದುರಾಳಿಯ ಗುಂಡಿಗಿಂತ ಹೆಚ್ಚಾಗಿ ಹಸಿವು, ಬಾಯಾರಿಕೆ, ಚಳಿ ಮತ್ತು ಉಸಿರು. ಪರದೆಯ ಮೂಲೆಯಲ್ಲಿ ಇವುಗಳ ಗೆರೆಗಳು ಕರಗುತ್ತಲೇ ಇರುತ್ತವೆ. ಗೇಮರ್‌ಗಳು ಅದನ್ನು ‘ಬಾರ್’ ಎನ್ನುತ್ತಾರೆ. (ಊರ ಹೊರಗಿನ ಬಾರ್ ಅಲ್ಲ, ಅದು ಬೇರೆ ಥರದ ಸರ್ವೈವಲ್.)

ಈ ಬಾರ್‌ಗಳು ಬೇಕೇ, ಬೇಡವೇ ಎಂಬ ಜಗಳ ನಮ್ಮ ಮನೆಯಲ್ಲೇ ಇದೆ. ನನ್ನ ಚಿಕ್ಕಪ್ಪನ ಮಗ ಎಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದಾನೆ. ಯಾವ ಗೇಮ್ ಇರಲಿ, ಅತಿ ಕಠಿಣ ಮೋಡ್ ಬಿಟ್ಟು ಬೇರೆ ಮುಟ್ಟುವುದಿಲ್ಲ. ‘ಈಸಿ ಮೋಡ್‌ನಾಗ ಆಡೋದಂದ್ರ ಕಾಪಿ ಹೊಡದು ಪಾಸಾದಂಗ’ ಎನ್ನುವುದು ಅವನ ವಾದ. ನಾನು ಧಾರವಾಡದಲ್ಲಿ ರೂಮು ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವನು. ದಿನಕ್ಕೆ ಒಂದು ತಾಸು ಸಿಕ್ಕರೆ ಹೆಚ್ಚು. ಆ ಒಂದು ತಾಸಿನಲ್ಲಿ ಅರ್ಧ ತಾಸು ಮೀನು ಹಿಡಿದು ಬೇಯಿಸಿ ತಿನ್ನುವುದಕ್ಕೇ ಹೋದರೆ ಹೊಟ್ಟೆ ಉರಿಯದೇ ಇರುತ್ತದೆಯೇ?

ಆದರೂ ನಾನು ‘ಎಲ್ಲವನ್ನೂ ಆಫ್ ಮಾಡಿ’ ಎನ್ನುವ ಪಕ್ಷದವನಲ್ಲ. ಇಬ್ಬರೂ ಒಂದು ಸಂಗತಿಯನ್ನು ಗಮನಿಸುತ್ತಿಲ್ಲ ಎಂಬುದು ನನ್ನ ತಕರಾರು: ಎಲ್ಲ ಬಾರ್‌ಗಳೂ ಒಂದೇ ಅಲ್ಲ. ಕೆಲವು ನಾವು ನೋಡುತ್ತಿರುವ ಜಾಗವನ್ನು ನಿಜವಾಗಿಸುತ್ತವೆ. ಕೆಲವು ಬರೀ ಕೂಲಿ ಮಾಡಿಸುತ್ತವೆ.

‘ಸಬ್‌ನಾಟಿಕಾ’ ಎಂಬ ಗೇಮ್‌ನಲ್ಲಿ ಈ ಎರಡೂ ಒಟ್ಟಿಗೇ ಇವೆ. ಅಮೆರಿಕದ ಅನ್‌ನೋನ್ ವರ್ಲ್ಡ್ಸ್ ಕಂಪನಿ ಮಾಡಿದ್ದು. 2014ರ ಕೊನೆಯಲ್ಲಿ ಅರ್ಧ ತಯಾರಾದ ರೂಪದಲ್ಲಿ ಮಾರಾಟಕ್ಕೆ ಬಂದು, 2018ರ ಜನವರಿಯಲ್ಲಿ ಪೂರ್ಣಗೊಂಡಿತು. ಬಾಹ್ಯಾಕಾಶ ನೌಕೆಯೊಂದು ಅಪರಿಚಿತ ಗ್ರಹದ ಮೇಲೆ ಬೀಳುತ್ತದೆ. ಆ ಗ್ರಹದಲ್ಲಿ ಕಣ್ಣು ಹಾಯಿಸಿದಷ್ಟೂ ಸಮುದ್ರ. ನೀವು ಪುಟ್ಟ ಪಾಡ್ ಒಂದರಲ್ಲಿ ತೇಲುತ್ತಿರುತ್ತೀರಿ. ಕೈಯಲ್ಲಿ ಮ್ಯಾಪ್ ಇಲ್ಲ. ಗೇಮ್ ಮುಗಿಯುವವರೆಗೂ ಮ್ಯಾಪ್ ಕೊಡುವುದೂ ಇಲ್ಲ.

ಮೊದಲ ಸಲ ನೀರಿಗೆ ಹಾರಿದಾಗ ನಿಮ್ಮ ಎದೆಯಲ್ಲಿ 45 ಸೆಕೆಂಡಿನ ಗಾಳಿ ಇರುತ್ತದೆ. ಸಣ್ಣ ಸಿಲಿಂಡರ್ ಒಂದನ್ನು ಮಾಡಿಕೊಂಡರೆ 75 ಸೆಕೆಂಡ್. ಇದು ಕೇಳಲು ಬರೀ ಅಂಕಿ. ಆಡುವಾಗ ಇದೇ ಭೂಗೋಳವಾಗುತ್ತದೆ. ಇಳಿಯಲು 20 ಸೆಕೆಂಡ್ ಹಿಡಿಯುವ ಜಾಗದಿಂದ ಮೇಲೆ ಬರಲೂ 20 ಸೆಕೆಂಡ್ ಬೇಕು. ನಡುವೆ ಉಳಿಯುವ ಐದು ಸೆಕೆಂಡಿನಲ್ಲಿ ನೋಡುವುದನ್ನು ನೋಡಿ, ಹೆಕ್ಕುವುದನ್ನು ಹೆಕ್ಕಬೇಕು. ಗುಹೆಯ ಬಾಯಿ ಕಾಣಿಸುತ್ತದೆ, ಒಳಗೆ ಏನೋ ಹೊಳೆಯುತ್ತಿದೆ, ಆದರೆ ಗುಹೆಗೆ ಛಾವಣಿ ಇದೆ. ಅಂದರೆ ನೇರ ಮೇಲೇರಲು ಆಗದು, ಬಂದ ದಾರಿಯನ್ನೇ ಹುಡುಕಿ ಹೊರಬರಬೇಕು. ಆ ಕ್ಷಣದಲ್ಲಿ ಮಾಡುವ ಲೆಕ್ಕವಿದೆಯಲ್ಲ, ಅದೇ ಅನ್ವೇಷಣೆ. ಹೋಗುವ ಟಿಕೆಟ್ ಎಲ್ಲರ ಹತ್ತಿರವೂ ಇರುತ್ತದೆ, ವಾಪಸ್ ಬರುವ ಚಾರ್ಜ್ ಉಳಿದಿದೆಯೇ ಎಂಬುದಷ್ಟೇ ಪ್ರಶ್ನೆ.

ಕುಕ್ಕೆ ಸುಬ್ರಹ್ಮಣ್ಯದ ಕಡೆಯಿಂದ ಕುಮಾರಪರ್ವತ ಹತ್ತಿದವರಿಗೆ ಇದನ್ನು ವಿವರಿಸಬೇಕಿಲ್ಲ. ಭಟ್ಟರ ಮನೆ ದಾಟಿದ ಮೇಲೆ ಬಾಟಲಿಯ ನೀರನ್ನು ಕುಡಿಯುವ ರೀತಿಯೇ ಬದಲಾಗುತ್ತದೆ. ತುದಿ ಕಾಣಿಸುತ್ತಿದ್ದರೂ ಕಣ್ಣು ಬಾಟಲಿಯ ಕಡೆಗೆ, ಗಡಿಯಾರದ ಕಡೆಗೆ ಹೋಗುತ್ತದೆ. ಬೆಟ್ಟದ ಎತ್ತರ 1,712 ಮೀಟರ್ ಎಂದು ಓದಿದಾಗ ಆಗದ ಅರಿವು, ಅರ್ಧ ಬಾಟಲಿ ನೀರು ಉಳಿದಾಗ ಆಗುತ್ತದೆ. ಸಬ್‌ನಾಟಿಕಾದ ಆಕ್ಸಿಜನ್ ಬಾರ್ ಮಾಡುವುದು ಇದೇ ಕೆಲಸವನ್ನು.

ಇನ್ನೂ ಒಂದು ಜಾಣತನ ಅದರಲ್ಲಿದೆ. ನೀವು ಕಲಿಯುತ್ತಾ ಹೋದಂತೆ ಆ ಬಾರ್‌ನ ಅರ್ಥ ಬದಲಾಗುತ್ತದೆ. ಆಳವಿಲ್ಲದ ನೀರಿನಲ್ಲಿ ಮಿದುಳಿನ ಆಕಾರದ ಹವಳಗಳಿವೆ. ಅವು ಆಗಾಗ ಗುಳ್ಳೆ ಬಿಡುತ್ತವೆ. ಆ ಗುಳ್ಳೆಗೆ ಮುಖ ಕೊಟ್ಟರೆ ಗಾಳಿ ತುಂಬಿಕೊಳ್ಳುತ್ತದೆ! ಇದು ಗೊತ್ತಾದ ದಿನದಿಂದ ಅದೇ ಹವಳ ಅಲಂಕಾರದ ವಸ್ತುವಾಗಿ ಉಳಿಯುವುದಿಲ್ಲ, ದಾರಿಯ ಮಧ್ಯದ ಬಸ್ ನಿಲ್ದಾಣವಾಗುತ್ತದೆ. 100 ಮೀಟರ್‌ಗಿಂತ ಕೆಳಗೆ ಹೋದರೆ ಗಾಳಿ ಬೇಗ ಖರ್ಚಾಗುತ್ತದೆ, ಅದಕ್ಕೆ ರೀಬ್ರೀದರ್ ಎಂಬ ಮುಖವಾಡ ಬೇಕು. ಸೀಮಾತ್ ಎಂಬ ಪುಟ್ಟ ಜಲವಾಹನ ಸಿಕ್ಕಾಗ ಇಡೀ ಸಮುದ್ರ ನಮ್ಮದೇ ಅನಿಸುತ್ತದೆ. ಅದು 200 ಮೀಟರ್ ದಾಟಿದ ಕೂಡಲೇ ನೀರಿನ ಒತ್ತಡಕ್ಕೆ ಕಿರುಗುಟ್ಟತೊಡಗುತ್ತದೆ. ಹೀಗೆ ಪ್ರತಿ ಹಂತದಲ್ಲೂ ‘ಇನ್ನು ಎಷ್ಟು ಆಳ?’ ಎಂಬ ಅದೇ ಪ್ರಶ್ನೆ ಹೊಸ ರೂಪದಲ್ಲಿ ಬರುತ್ತದೆ.

ಈ ಗೇಮ್‌ನಲ್ಲಿ ಬಂದೂಕು ಇಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. 2012ರ ಡಿಸೆಂಬರ್‌ನಲ್ಲಿ ಅಮೆರಿಕದ ಸ್ಯಾಂಡಿ ಹುಕ್ ಶಾಲೆಯಲ್ಲಿ ಪುಟ್ಟ ಮಕ್ಕಳ ಮೇಲೆ ಗುಂಡಿನ ದಾಳಿ ನಡೆದ ಮೇಲೆ, ತನ್ನ ಗೇಮ್‌ನಲ್ಲಿ ಗನ್ ಇಡುವುದಿಲ್ಲ ಎಂದು ನಿರ್ದೇಶಕ ಚಾರ್ಲಿ ಕ್ಲೀವ್‌ಲ್ಯಾಂಡ್ ತೀರ್ಮಾನಿಸಿದರು. ಕೈಯಲ್ಲಿ ಚಾಕು ಇದೆ, ಪ್ರಾಣಿಯನ್ನು ಸ್ವಲ್ಪ ಹೊತ್ತು ಸ್ತಬ್ಧಗೊಳಿಸುವ ಸಾಧನವಿದೆ, ಅಷ್ಟೆ. ರೀಪರ್ ಎಂಬ ದೈತ್ಯ ಜೀವಿಯ ಗರ್ಜನೆ ಕೇಳಿದಾಗ ಹೊಡೆದು ಕೆಡವುವ ಯೋಚನೆಯೇ ಬರುವುದಿಲ್ಲ. ಯಾವ ಕಡೆಯಿಂದ ಸದ್ದು ಬಂತು, ಎಷ್ಟು ದೂರದಲ್ಲಿದೆ, ಸುತ್ತು ಹಾಕಿ ಹೋಗಬಹುದೇ ಎಂದು ಕಿವಿಗೊಡುತ್ತೇವೆ. ಕಷ್ಟ ಎಂದರೆ ಹೊಡೆದಾಟ ಎಂದು ನಂಬಿದವರು ಇದನ್ನೊಮ್ಮೆ ಆಡಬೇಕು. ಹೆಡ್‌ಫೋನ್ ಹಾಕಿಕೊಂಡು, ಲೈಟ್ ಆರಿಸಿ.

ಈಗ ಅದೇ ಗೇಮ್‌ನ ಹಸಿವಿನ ಬಾರ್ ನೋಡಿ. ಮೊದಲ ಎರಡು ಮೂರು ತಾಸು ಅದಕ್ಕೂ ಬೆಲೆಯಿದೆ. ಯಾವ ಮೀನಿನಿಂದ ಕುಡಿಯುವ ನೀರು ಬರುತ್ತದೆ, ಉಪ್ಪು ಮತ್ತು ಹವಳದ ತುಂಡಿನಿಂದ ಬ್ಲೀಚ್ ಮಾಡಿ ನೀರು ಶುದ್ಧಗೊಳಿಸುವುದು ಹೇಗೆ ಎಂದು ಕಲಿಯುವಾಗ ಖುಷಿಯೇ ಆಗುತ್ತದೆ. ಆಮೇಲೆ? ನೆಲೆಯಲ್ಲಿ ಕಲ್ಲಂಗಡಿಯಂಥ ಮಾರ್ಬಲ್‌ಮೆಲನ್ ಬೆಳೆದರೆ ಹಸಿವು, ಬಾಯಾರಿಕೆ ಎರಡರ ಕಥೆಯೂ ಮುಗಿಯಿತು. ಅದರ ನಂತರ ಹಸಿವು ನನ್ನ ದಾರಿಯನ್ನು ಒಂದಿಷ್ಟೂ ಬದಲಿಸುವುದಿಲ್ಲ. ಬೇಡಿಕೆ ಮಾತ್ರ ನಿಲ್ಲುವುದಿಲ್ಲ. ಆಳದ ಗುಹೆಯೊಂದರಲ್ಲಿ ಉಸಿರು ಬಿಗಿಹಿಡಿದು ನೋಡುತ್ತಿರುವಾಗ ‘ಊಟ ಮಾಡು’ ಎನ್ನುತ್ತದೆ. ಮನೆಯಲ್ಲಿ ಅಮ್ಮ ಫೋನ್ ಮಾಡಿ ಕೇಳುವುದಕ್ಕಾದರೂ ಒಂದು ಅರ್ಥವಿದೆ.

ಮೈನ್‌ಕ್ರಾಫ್ಟ್‌ನಲ್ಲೂ ಇದೇ ಕಥೆ. ಅದರಲ್ಲಿ ಮೊದಲು ಹಸಿವೇ ಇರಲಿಲ್ಲ. ಏನಾದರೂ ತಿಂದರೆ ನೇರವಾಗಿ ಜೀವ ಹೆಚ್ಚುತ್ತಿತ್ತು. 2011ರಲ್ಲಿ, ಪೂರ್ಣ ಆವೃತ್ತಿ ಬರುವ ಸ್ವಲ್ಪ ಮೊದಲು, ಹತ್ತು ಕೋಳಿಕಾಲುಗಳ ಹಸಿವಿನ ಬಾರ್ ಬಂತು. ಅದರ ಜೊತೆಯಲ್ಲೇ ವೇಗವಾಗಿ ಓಡುವ ಸೌಲಭ್ಯವೂ ಬಂತು. ಕೋಳಿಕಾಲು ಮೂರಕ್ಕೆ ಇಳಿದರೆ ಓಡಲು ಆಗುವುದಿಲ್ಲ. ಯೋಚನೆ ಚೆನ್ನಾಗಿದೆ: ದೂರ ಹೋಗುವವನು ಬುತ್ತಿ ಕಟ್ಟಿಕೊಳ್ಳಲಿ. ಆದರೆ ಒಂದು ಗೋಧಿ ಹೊಲ, ನಾಲ್ಕು ಹಸು ಇಟ್ಟುಕೊಂಡವರಿಗೆ ಬುತ್ತಿ ಒಂದು ಚಿಂತೆಯೇ ಅಲ್ಲ. ಚೀಲದಲ್ಲಿ 64 ರೊಟ್ಟಿ ಇಟ್ಟುಕೊಂಡು ಹೊರಟರಾಯಿತು.

ಹಾಗಾದರೆ ಹಸಿವು ಎಲ್ಲ ಗೇಮ್‌ಗಳಲ್ಲೂ ದಂಡವೇ? ಅಲ್ಲ. ಕೆನಡಾದ ಹಿಂಟರ್‌ಲ್ಯಾಂಡ್ ಸ್ಟುಡಿಯೋದ ‘ದಿ ಲಾಂಗ್ ಡಾರ್ಕ್’ ನೋಡಿ. ಹಿಮ ಮುಚ್ಚಿದ ಕಾಡು, ಹೆಪ್ಪುಗಟ್ಟಿದ ಸರೋವರ, ಜನರಿಲ್ಲದ ಮನೆಗಳು. ಮೈ ಬಿಸಿ, ದಣಿವು, ಬಾಯಾರಿಕೆ, ಹಸಿವು ಎಂಬ ನಾಲ್ಕು ಬಾರ್‌ಗಳು. ಇಲ್ಲಿ ಒಂದರ ಚಿಂತೆ ಇನ್ನೊಂದರ ಕುತ್ತಿಗೆ ಹಿಡಿದಿರುತ್ತದೆ. ಗುಡಿಸಲಿನಲ್ಲೇ ಕುಳಿತರೆ ಬೆಚ್ಚಗಿರಬಹುದು, ಆದರೆ ಊಟ ಮುಗಿದಿದೆ. ಸರೋವರದ ಆಚೆ ಒಂದು ಮನೆ ಕಾಣುತ್ತಿದೆ, ಅಲ್ಲಿ ಡಬ್ಬಿಯ ಆಹಾರ ಇರಬಹುದು, ಇಲ್ಲದಿರಬಹುದು. ನಡುದಾರಿಯಲ್ಲಿ ಹಿಮಗಾಳಿ ಎದ್ದರೆ ಮುಂದೆಯೂ ಕಾಣದು, ಹಿಂದೆಯೂ ಕಾಣದು. ಅಲ್ಲೂ ಮ್ಯಾಪ್ ತಾನಾಗಿ ಮೂಡುವುದಿಲ್ಲ. ಬೆಂಕಿ ಆರಿದ ಮೇಲೆ ಉಳಿದ ಇದ್ದಿಲು ತೆಗೆದುಕೊಂಡು ನಾವೇ ಬರೆದುಕೊಳ್ಳಬೇಕು. ಹಸಿವು ನನ್ನನ್ನು ಬಾಗಿಲಿನಿಂದ ಹೊರಗೆ ನೂಕುತ್ತದೆ, ಚಳಿ ಒಳಗೆ ಎಳೆಯುತ್ತದೆ. ಆ ಎಳೆದಾಟದಲ್ಲೇ ಆ ಊರಿನ ಪರಿಚಯವಾಗುತ್ತದೆ. ಈ ಗೇಮ್‌ನಿಂದ ಹಸಿವು ತೆಗೆದರೆ ಉಳಿಯುವುದು ಹಿಮದ ವಾಲ್‌ಪೇಪರ್.

ಹಾಗಾಗಿ ನಾನು ಕೇಳುವುದು ಒಂದೇ ಪ್ರಶ್ನೆ: ಈ ಬಾರ್‌ನಿಂದ ನಾನು ಹೋಗುವ ದಾರಿ ಬದಲಾಗುತ್ತದೆಯೇ? ಬದಲಾಗುವುದಾದರೆ ಅದು ಇರಲಿ, ಎಷ್ಟೇ ಕಷ್ಟವಾಗಲಿ. ದಾರಿ ಬದಲಾಗದೆ, ಪ್ರತಿ ಹತ್ತು ನಿಮಿಷಕ್ಕೊಮ್ಮೆ ಒಂದು ಬಟನ್ ಒತ್ತಿಸುವುದಷ್ಟೇ ಅದರ ಕೆಲಸವಾದರೆ ಅದನ್ನು ಕಷ್ಟ ಎಂದು ಕರೆಯುವುದೇ ತಪ್ಪು. ಅದು ಹಾಜರಿ ಪುಸ್ತಕ.

‘ನೋ ಮ್ಯಾನ್ಸ್ ಸ್ಕೈ’ ಈ ಹಾಜರಿಗೆ ಒಳ್ಳೆಯ ಉದಾಹರಣೆ. 2016ರಲ್ಲಿ ಬಂದ ಆ ಗೇಮ್‌ನಲ್ಲಿ 18 ಕ್ವಿಂಟಿಲಿಯನ್‌ಗೂ ಹೆಚ್ಚು ಗ್ರಹಗಳಿವೆ, ಅಂದರೆ 18ರ ಮುಂದೆ 18 ಸೊನ್ನೆ. ಎಲ್ಲಿ ಇಳಿದರೂ ಕೆಂಪು ಗಿಡದಿಂದ ಆಕ್ಸಿಜನ್ ಕೀಳು, ಹಳದಿ ಗಿಡದಿಂದ ಸೋಡಿಯಂ ಕೀಳು, ಸೂಟ್‌ಗೆ ತುಂಬು. ವಿಷದ ಮಳೆ ಸುರಿಯುವ ಗ್ರಹವಾದರೂ ಅಷ್ಟೆ, ಬೆಂಕಿಯಂಥ ಬಿಸಿಲಿನ ಗ್ರಹವಾದರೂ ಅಷ್ಟೆ. ಗ್ರಹಕ್ಕೂ ಗ್ರಹಕ್ಕೂ ಇರುವ ವ್ಯತ್ಯಾಸವನ್ನು ತೋರಿಸಬೇಕಾದ ಕಷ್ಟವೇ ಎಲ್ಲ ಗ್ರಹಗಳನ್ನೂ ಒಂದೇ ಥರ ಮಾಡಿಬಿಡುತ್ತದೆ. ಅದನ್ನು ಮಾಡಿದವರು ಒಂದು ವಿಷಯದಲ್ಲಿ ಮಾತ್ರ ಬೇರೆಯವರಿಗಿಂತ ಮುಂದೆ ಹೋದರು. ಅದಕ್ಕೆ ಆಮೇಲೆ ಬರುತ್ತೇನೆ.

ಅದಕ್ಕೂ ಮೊದಲು ಚಿಕ್ಕಪ್ಪನ ಮಗನ ಹಾರ್ಡ್‌ಕೋರ್ ವಿಷಯ. ಸಬ್‌ನಾಟಿಕಾದ ಹಾರ್ಡ್‌ಕೋರ್ ಮೋಡ್‌ನಲ್ಲಿ ಒಂದೇ ಜೀವ. ಸತ್ತರೆ ಸೇವ್ ಮಾಡಿದ್ದೆಲ್ಲ ಅಳಿಸಿಹೋಗುತ್ತದೆ. ಆಕ್ಸಿಜನ್ ಮುಗಿಯುತ್ತಿದೆ ಎಂಬ ಎಚ್ಚರಿಕೆಯ ದನಿಯೂ ಇರುವುದಿಲ್ಲ. ಕಳೆದ ರಜೆಯಲ್ಲಿ ಅವನು ಮೂವತ್ತು ತಾಸಿನ ಆಟವನ್ನು ಹೀಗೇ ಕಳೆದುಕೊಂಡ. ಎರಡು ದಿನ ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ. ಮತ್ತೆ ಮೊದಲಿನಿಂದ ಶುರು ಮಾಡಿದಾಗ ನಾನು ಪಕ್ಕದಲ್ಲೇ ಕುಳಿತು ನೋಡಿದೆ. ಅವನು ಏನನ್ನೂ ನೋಡುತ್ತಿರಲಿಲ್ಲ. ಯಾವ ಗುಹೆ ಎಲ್ಲಿದೆ, ಯಾವ ವಸ್ತು ಎಲ್ಲಿ ಸಿಗುತ್ತದೆ ಎಂಬುದೆಲ್ಲ ಬಾಯಿಪಾಠ. ಗೊತ್ತಿರುವ ಜಾಗಗಳಿಗೆ ಗೊತ್ತಿರುವ ದಾರಿಯಲ್ಲಿ ಹೋಗಿ ಬರುತ್ತಿದ್ದ. ಹೊಸ ಕಡೆಗೆ ಹೋಗುವ ಧೈರ್ಯ ಇರಲಿಲ್ಲ, ಮೂವತ್ತು ತಾಸು ಮತ್ತೆ ಪಣಕ್ಕಿದೆಯಲ್ಲ!

ಹಾರ್ಡ್‌ಕೋರ್‌ನಲ್ಲಿ ಆಡುವುದು ಸಾಹಸವಲ್ಲ ಎನ್ನುತ್ತಿಲ್ಲ. ಆದರೆ ಅದು ಬೇರೆ ಜಾತಿಯ ಸಾಹಸ. ಗೊತ್ತಿಲ್ಲದಲ್ಲಿಗೆ ಹೋಗುವುದಕ್ಕೆ ವಿಪರೀತ ದಂಡ ಹಾಕಿದರೆ ಜನ ಗೊತ್ತಿರುವುದನ್ನೇ ಮಾಡುತ್ತಾರೆ. ಪ್ರಶ್ನೆಪತ್ರಿಕೆಯಲ್ಲಿ ನೆಗೆಟಿವ್ ಮಾರ್ಕಿಂಗ್ ಇದ್ದಾಗ ನಾವು ಹೇಗೆ ಬರೆಯುತ್ತೇವೆ ಎಂಬುದನ್ನು ನೆನಪಿಸಿಕೊಳ್ಳಿ.

ಸಾವನ್ನು ಅಗ್ಗ ಮಾಡಿಯೂ ಗೇಮ್ ಕಷ್ಟವಾಗಿರಬಲ್ಲದು ಎಂದು ತೋರಿಸಿದ್ದು 2019ರ ‘ಔಟರ್ ವೈಲ್ಡ್ಸ್’. ಅಮೆರಿಕದ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಅಲೆಕ್ಸ್ ಬೀಚಂ ಅವರ ಸ್ನಾತಕೋತ್ತರ ಪ್ರಾಜೆಕ್ಟ್ ಆಗಿ ಅದು ಶುರುವಾಯಿತು. ಮುಂದೆ ಬಾಫ್ಟಾದಲ್ಲಿ ವರ್ಷದ ಅತ್ಯುತ್ತಮ ಗೇಮ್ ಪ್ರಶಸ್ತಿ ಪಡೆಯಿತು. (ಪ್ರಾಜೆಕ್ಟ್ ರಿಪೋರ್ಟ್ ಬೈಂಡ್ ಮಾಡಿಸಿ ಕಪಾಟಿಗೆ ಸೇರಿಸುವ ನಮಗೆ ಇದು ಸ್ವಲ್ಪ ಚುಚ್ಚುತ್ತದೆ.) ಅದರಲ್ಲಿ ಪುಟ್ಟ ಸೌರಮಂಡಲವೊಂದಿದೆ. 22 ನಿಮಿಷಕ್ಕೆ ಅದರ ಸೂರ್ಯ ಸಿಡಿದು ಎಲ್ಲವೂ ನಾಶ. ಕಣ್ಣು ಬಿಟ್ಟರೆ ಮತ್ತೆ ಮೊದಲಿನ ಜಾಗ. ಸೂಟ್‌ನಲ್ಲಿ ಆಕ್ಸಿಜನ್ ಇದೆ, ಜೆಟ್‌ಪ್ಯಾಕ್‌ಗೆ ಇಂಧನವಿದೆ, ಮರದ ಹತ್ತಿರ ನಿಂತರೆ ಆಕ್ಸಿಜನ್ ತುಂಬಿಕೊಳ್ಳುತ್ತದೆ. ಹಸಿವಿಲ್ಲ, ಬಾಯಾರಿಕೆಯಿಲ್ಲ. ಹೊಸ ಶಕ್ತಿ, ಹೊಸ ಆಯುಧವೂ ಇಲ್ಲ. ಒಂದು ಸುತ್ತಿನಿಂದ ಇನ್ನೊಂದಕ್ಕೆ ಉಳಿದು ಬರುವುದು ನಾವು ತಿಳಿದುಕೊಂಡದ್ದು ಮಾತ್ರ, ನೌಕೆಯ ದಾಖಲೆಯಲ್ಲಿ ಅದೆಲ್ಲ ಬರೆದಿರುತ್ತದೆ. ಒಂದು ಗ್ರಹದ ಗುಹೆಗಳು ನಿಮಿಷ ಕಳೆದಂತೆ ಮರಳಿನಿಂದ ತುಂಬುತ್ತಾ ಹೋಗುತ್ತವೆ. ಬೇಗ ಹೋಗದಿದ್ದರೆ ದಾರಿ ಮುಚ್ಚಿರುತ್ತದೆ. ಸತ್ತರೆ ಹೋಗುವುದು ಹೆಚ್ಚೆಂದರೆ 22 ನಿಮಿಷ. ಅದಕ್ಕೇ ಇರಬೇಕು, ಯಾವ ಗುಂಡಿಗೂ ಇಣುಕದೆ ಬರಲು ಮನಸ್ಸಾಗುವುದಿಲ್ಲ. ಒಂದು ತಾಸು ಮಾತ್ರ ಬಿಡುವಿರುವವರಿಗೆ ಇದಕ್ಕಿಂತ ಹೊಂದುವ ಗೇಮ್ ನನಗೆ ಗೊತ್ತಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ವಾದಕ್ಕೆ ಒಗ್ಗದ ಒಬ್ಬರ ಬಗ್ಗೆಯೂ ಹೇಳಬೇಕು. ನನ್ನ ಅಕ್ಕ ಹುಬ್ಬಳ್ಳಿಯ ಆಸ್ಪತ್ರೆಯೊಂದರ ಐಸಿಯುನಲ್ಲಿ ಸ್ಟಾಫ್ ನರ್ಸ್. ನಾನು ಆಡುವುದನ್ನು ನೋಡಿ ಸಬ್‌ನಾಟಿಕಾದ ನೀರಿನ ಬಣ್ಣಕ್ಕೆ ಮನಸೋತು, ‘ನನಗೂ ಹಚ್ಚಿಕೊಡು’ ಎಂದಳು. ನಾನು ಫ್ರೀಡಂ ಮೋಡ್ ಹಾಕಿಕೊಟ್ಟೆ. ಅದರಲ್ಲಿ ಹಸಿವು, ಬಾಯಾರಿಕೆ ಇರುವುದಿಲ್ಲ, ಆಕ್ಸಿಜನ್ ಇರುತ್ತದೆ. ನನ್ನ ಲೆಕ್ಕದಲ್ಲಿ ಅದೇ ಸರಿಯಾದ ಮೋಡ್. ಹತ್ತೇ ನಿಮಿಷಕ್ಕೆ ಲ್ಯಾಪ್‌ಟಾಪ್ ನನ್ನ ಕಡೆಗೆ ತಳ್ಳಿದಳು. ‘ದಿನಾ ಪೂರಾ ಮಂದಿ ಆಕ್ಸಿಜನ್ ನೋಡೇ ಬಂದಿರ್ತೇನಿ. ಮನಿಗೆ ಬಂದು ನನ್ನ ಆಕ್ಸಿಜನ್ ಲೆಕ್ಕಾನೂ ಹಾಕ್ಕೋಂತ ಕೂಡಬೇಕೇನು?’ ಎಂದಳು.

ಅವಳಿಗೆ ಉತ್ತರ ಕೊಡುವುದು ಕಷ್ಟ. ಅಂಕಿ ಇಳಿಯುವುದನ್ನು ಕಂಡು ನನಗೆ ಆಗುವ ರೋಮಾಂಚನ, ದಿನವಿಡೀ ಮಾನಿಟರ್ ಮೇಲೆ ಅಂಥದ್ದೇ ಅಂಕಿಯನ್ನು ಕಾಯುವವಳಿಗೆ ಹೇಗೆ ಆದೀತು? ಯಾವ ಬಾರ್ ಜಾಗವನ್ನು ನಿಜವಾಗಿಸುತ್ತದೆ ಎಂದು ನಾನು ವಾದಿಸಬಲ್ಲೆ. ಯಾರಿಗೆ ಎಷ್ಟು ನಿಜ ಬೇಕು ಎಂದು ನಾನು ಹೇಳಲಾರೆ.

ನಿಜವಾದ ತೊಂದರೆ ಎದುರಾದದ್ದು ಆಮೇಲೆ. ಆಕ್ಸಿಜನ್ ಚಿಂತೆಯಿಲ್ಲದ ಮೋಡ್ ಸಬ್‌ನಾಟಿಕಾದಲ್ಲಿ ಒಂದೇ, ಕ್ರಿಯೇಟಿವ್. ಅದನ್ನು ಆರಿಸಿದರೆ ಆಕ್ಸಿಜನ್ ಜೊತೆಗೆ ಕಥೆಯೂ ಹೋಗುತ್ತದೆ. ನೌಕೆ ಯಾಕೆ ಬಿತ್ತು, ಆ ಗ್ರಹದಲ್ಲಿ ಮೊದಲು ಯಾರಿದ್ದರು ಎಂಬುದು ಎಳೆಎಳೆಯಾಗಿ ಬಿಚ್ಚಿಕೊಳ್ಳುವುದಿಲ್ಲ. ಏನನ್ನೂ ಹುಡುಕಿ ತಂದು ಮಾಡಿಕೊಳ್ಳಬೇಕಾಗಿಲ್ಲ, ಎಲ್ಲವೂ ಪುಕ್ಕಟೆ. ಅಕ್ಕನಿಗೆ ಕಥೆ ಬೇಕಿತ್ತು, ಹುಡುಕಾಟ ಬೇಕಿತ್ತು, ಉಸಿರುಗಟ್ಟುವುದು ಮಾತ್ರ ಬೇಡವಾಗಿತ್ತು. ಅಂಥವರಿಗೆ ಅಲ್ಲಿ ಜಾಗವಿಲ್ಲ. ನಾಲ್ಕು ಮೋಡ್ ಎಂದರೆ ನಾಲ್ಕು ಥಾಲಿ ಊಟ. ಬಡಿಸಿದ್ದನ್ನೆಲ್ಲ ತಿನ್ನಬೇಕು, ಪಲ್ಯ ಬದಲಿಸಿ ಎನ್ನುವಂತಿಲ್ಲ.

ನೋ ಮ್ಯಾನ್ಸ್ ಸ್ಕೈ ಮುಂದೆ ಹೋಯಿತು ಎಂದೆನಲ್ಲ, ಅದು ಇಲ್ಲಿ. 2022ರ ಒಂದು ಅಪ್‌ಡೇಟ್‌ನಲ್ಲಿ ಅವರು ಕಷ್ಟವನ್ನು ಬಿಡಿಬಿಡಿಯಾಗಿ ಬಿಚ್ಚಿಟ್ಟರು. ಬದುಕುಳಿಯುವ ಕಷ್ಟ ಎಷ್ಟಿರಬೇಕು, ಹೊಡೆದಾಟ ಎಷ್ಟು ಬಿರುಸಾಗಿರಬೇಕು, ಸತ್ತರೆ ಏನೇನು ಕಳೆದುಕೊಳ್ಳಬೇಕು, ಒಂದೊಂದನ್ನೂ ಆಡುವವರೇ ಬೇರೆಬೇರೆಯಾಗಿ ಹೊಂದಿಸಿಕೊಳ್ಳಬಹುದು. ಆ ಗೇಮ್‌ನ ಸೋಡಿಯಂ ಕೀಳುವ ಕೆಲಸ ನನಗೆ ಈಗಲೂ ಹಿಡಿಸುವುದಿಲ್ಲ, ಆದರೆ ಅದನ್ನು ಕಡಿಮೆ ಮಾಡಿಕೊಳ್ಳುವ ಸ್ವಿಚ್ ನನ್ನ ಕೈಗೇ ಕೊಟ್ಟಿದ್ದಾರೆ. ಚಿಕ್ಕಪ್ಪನ ಮಗ ಎಲ್ಲವನ್ನೂ ತುತ್ತತುದಿಗೆ ಏರಿಸಿಕೊಳ್ಳಲಿ, ಅವನ ಮಜಾ ಎಲ್ಲಿಗೂ ಹೋಗುವುದಿಲ್ಲ. ಅಕ್ಕ ತನಗೆ ಬೇಡದ್ದನ್ನು ಮಾತ್ರ ಇಳಿಸಿಕೊಳ್ಳಲಿ. ಇದರಲ್ಲಿ ಕಾಪಿ ಹೊಡೆಯುವ ಮಾತು ಎಲ್ಲಿಂದ ಬಂತು? ಅವಳ ಆಟಕ್ಕೆ ಯಾರೂ ರ‍್ಯಾಂಕ್ ಕೊಡುತ್ತಿಲ್ಲ.

ಕೊನೆಯ ವರ್ಷದ ಪ್ರಾಜೆಕ್ಟ್‌ಗೆಂದು ಯೂನಿಟಿ, ಗೊಡೊ ತೆರೆದು ಕುಳಿತಿರುವವರು ಈ ಪುಟ ಓದುವವರಲ್ಲೂ ಇದ್ದಾರೆ. ಗೇಮ್ ಕಂಪನಿಗಳಲ್ಲಿ ಕೆಲಸ ಹುಡುಕುತ್ತಿರುವ ಇಬ್ಬರು ನನ್ನ ಸಾಲಿನ ರೂಮುಗಳಲ್ಲೇ ಇದ್ದಾರೆ. ಹೊಸ ಗೇಮ್ ಎಂದರೆ ಮೊದಲು ಒಂದು ಹಸಿವಿನ ಬಾರ್ ಎಳೆಯುವುದು ಅವರಿಗೆ ಅಭ್ಯಾಸವಾಗಿಬಿಟ್ಟಿದೆ. ಅವರಿಗೆ ನಾನು ಹೇಳಿದ್ದು ಇಷ್ಟು. ಗೆಳೆಯರಿಗೆ ನಿಮ್ಮ ಗೇಮ್ ಆಡಲು ಕೊಡಿ. ಇಬ್ಬರಿಗೆ ಹಸಿವಿನ ಬಾರ್ ಇರುವಂತೆ, ಇಬ್ಬರಿಗೆ ಇಲ್ಲದಂತೆ. ಅರ್ಧ ತಾಸು ಬಿಟ್ಟು, ಅವರು ಎಲ್ಲೆಲ್ಲಿ ಹೋದರು ಎಂಬುದನ್ನು ಒಂದು ಹಾಳೆಯ ಮೇಲೆ ಗೆರೆ ಎಳೆದು ತೋರಿಸಲು ಹೇಳಿ. ಗೆರೆಗಳು ಬೇರೆಬೇರೆಯಾಗಿದ್ದರೆ ಬಾರ್ ಇಟ್ಟುಕೊಳ್ಳಿ, ಜೊತೆಗೆ ಅದಕ್ಕೊಂದು ಪ್ರತ್ಯೇಕ ಸ್ವಿಚ್ ಕೊಡಿ. ನಾಲ್ಕೂ ಗೆರೆಗಳು ಒಂದರ ಮೇಲೊಂದು ಬಿದ್ದರೆ ಬಾರ್ ಅಳಿಸಿ, ಅದರ ಕೋಡಿಂಗ್‌ಗೆ ಎತ್ತಿಟ್ಟಿದ್ದ ವಾರದಲ್ಲಿ ಇನ್ನೊಂದು ಗುಹೆ ಕೊರೆಯಿರಿ.